ಟವೆಲ್ ಹಾಕಿಟ್ಟ ಸೀಟು

ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದವರು ಮೊದಲು ನನ್ನ ಮುಖ ನೋಡುವುದಿಲ್ಲ, ಸೀಟು ನೋಡುತ್ತಾರೆ. "ಇದು ಬಸ್ಸಿನ ಸೀಟಲ್ರೀ?" ಎನ್ನುತ್ತಾರೆ. ಹೌದೆಂದರೆ, "ಮತ್ತ ಬಸ್ ಎಲ್ಲೈತ್ರಿ?" ಎಂದು ಕೇಳಿದವರೂ ಇದ್ದಾರೆ. ಮನಸ್ಸು ಭಾರವಾಗಿ ಬಂದ ಮನುಷ್ಯ ಮೊದಲ ಮಾತಿಗೇ ತಮಾಷೆಗೆ ಇಳಿದರೆ ನನಗೆ ಎಷ್ಟೋ ಸಲೀಸು. ಹಾಗಾಗಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಸೀಟು ನಿಜಕ್ಕೂ ಬಸ್ಸಿನದೇ. ಇಬ್ಬರು ಕೂಡುವಂಥದ್ದು, ಮೂವರನ್ನು, ಜೊತೆಗೊಂದು ಕೋಳಿ ಬುಟ್ಟಿಯನ್ನು ಹೊತ್ತ ಇತಿಹಾಸವುಳ್ಳದ್ದು. ಒಂದು ಕಾಲಕ್ಕೆ ಹಸಿರಾಗಿದ್ದ ರೆಕ್ಸಿನ್ನು ಈಗ ಯಾವ ಬಣ್ಣವೆಂದು ಹೇಳುವುದು ಕಷ್ಟ. ಒಂದು ಮೂಲೆಯಲ್ಲಿ ಹರಿದು ಒಳಗಿನ ಸ್ಪಂಜು ಇಣುಕುತ್ತದೆ. ಬಂದವರು ಮಾತಾಡುತ್ತ ಆಡುತ್ತ ಅದನ್ನು ಚೂರು ಚೂರೇ ಕಿತ್ತು ತೂತು ದೊಡ್ಡದು ಮಾಡಿದ್ದಾರೆ. ಹೊಲಿದುಕೊಡುತ್ತೇನೆಂದು ಕೆಳಗಿನ ಅಂಗಡಿಯ ಟೇಲರ್ ನನ್ನ ಬೆನ್ನು ಬಿದ್ದಿದ್ದಾನೆ. ನಾನು ಒಪ್ಪಿಲ್ಲ. ಕೈಗೆ ಏನಾದರೊಂದು ಕೆಲಸವಿದ್ದರೆ ಬಾಯಿ ಸಲೀಸಾಗಿ ತೆರೆದುಕೊಳ್ಳುತ್ತದೆ ಎನ್ನುವುದು ನನ್ನ ಅನುಭವ. ಸೀಟಿನ ಬೆನ್ನಿನ ತಗಡಿನ ಮೇಲೆ ಯಾರೋ ಮೊಳೆಯಿಂದ "ರೇಣುಕಾ, ನೀನೇ ನನ್ನ ಜೀವ" ಎಂದು ಗೀಚಿದ್ದಾರೆ. ಅದರ ಕೆಳಗೆ ಬೇರೆ ಅಕ್ಷರದಲ್ಲಿ "ಹೋಗಲೇ" ಎಂದಿದೆ. ಇದನ್ನು ಬರೆದದ್ದು ರೇಣುಕಾಳೋ ರೇಣುಕಾಳ ಅಣ್ಣನೋ ಎಂದು ನಾನು ಬಹಳ ದಿನ ಯೋಚಿಸಿದ್ದುಂಟು.

ನಾನು ಬಸವನ ಬಾಗೇವಾಡಿಯಲ್ಲಿ ಆಪ್ತ ಸಮಾಲೋಚಕಿ. ಈ ಹೆಸರನ್ನು ತೊದಲದೆ ಹೇಳಿದವರನ್ನು ನಾನಿನ್ನೂ ಕಂಡಿಲ್ಲ. ನನ್ನ ಅವ್ವ ಅದರ ಗೊಡವೆಗೇ ಹೋಗದೆ, "ನಮ್ಮ ಮಗಳು ಮಂದಿ ಮಾತು ಕೇಳೂ ನೌಕರಿ ಮಾಡ್ತಾಳ್ರಿ" ಎಂದು ಎಲ್ಲರಿಗೂ ಹೇಳುತ್ತಾಳೆ. ಯಂಕಂಚಿಯಲ್ಲಿರುವ ಸೋದರತ್ತೆ ಅದನ್ನು ಕೇಳಿ, "ಮಾತು ಕೇಳೂದು ಕಲಿಯಾಕ ಧಾರವಾಡ ತನಕಾ ಹೋಗಬೇಕಿತ್ತೇನ? ನಮ್ಮ ಕಟ್ಟಿ ಮ್ಯಾಲ ಕುಂತಿದ್ರ ಪುಕ್ಕಟ ಕಲೀತಿದ್ಲು" ಎಂದಳಂತೆ. ಆಗ ನನಗೆ ಸಿಟ್ಟು ಬಂದಿತ್ತು. ಅವಳನ್ನು ಕಂಡಾಗ ಈಗಲೂ ಸ್ವಲ್ಪ ಬರುತ್ತದೆ.

ಧಾರವಾಡದಲ್ಲಿ ಕಲಿತು ಬಂದ ಹೊಸತರಲ್ಲಿ ನನ್ನ ಕೋಣೆ ಹೇಗಿತ್ತೆಂದು ನೀವು ನೋಡಬೇಕಿತ್ತು. ಎದುರುಬದುರಾಗಿ ಎರಡು ಬೆತ್ತದ ಕುರ್ಚಿ, ನಡುವೆ ಗಾಜಿನ ಪುಟ್ಟ ಮೇಜು, ಮೇಜಿನ ಮೇಲೆ ಅಳುವವರಿಗೆಂದು ಟಿಶ್ಯೂ ಪೇಪರಿನ ಡಬ್ಬಿ, ಮೂಲೆಯಲ್ಲಿ ಬಿಸಿಲು ಕಾಣದೆ ಬಾಡುತ್ತಿದ್ದ ಒಂದು ಕುಂಡ. ಪುಸ್ತಕದಲ್ಲಿ ಹೇಗೆ ಹೇಳಿತ್ತೋ ಹಾಗೇ ಇಟ್ಟಿದ್ದೆ. ಬಂದವರು ಕುರ್ಚಿಯ ತುದಿಗೆ ಕೂತು, ಕೈ ಕಟ್ಟಿಕೊಂಡು, ಕಚೇರಿಗೆ ಅರ್ಜಿ ಕೊಡಲು ಬಂದವರಂತೆ ನನ್ನನ್ನೇ ನೋಡುತ್ತಿದ್ದರು. ಒಬ್ಬ ಅಜ್ಜ ನಾನು ಬಾಯಿ ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಇನ್ನೊಬ್ಬರು ಮಗನನ್ನು ನನ್ನ ಮುಂದೆ ಕುಕ್ಕರಿಸಿ, "ಇವಗ ನಾಕು ಬುದ್ಧಿ ಮಾತು ಹೇಳ್ರಿ, ಅಷ್ಟರಾಗ ನಾ ಸಂತಿ ಮಾಡಿ ಬರ್ತೇನಿ" ಎಂದು ಚೀಲ ಹಿಡಿದು ನಡೆದೇ ಬಿಟ್ಟರು. ಕೈ ಚಾಚಿ ನಾಡಿ ನೋಡಿರೆಂದವರು ಎಷ್ಟೋ ಮಂದಿ. ಅಳಲೆಂದು ನಾನು ಕಾದು ಕೂತಿದ್ದ ಒಬ್ಬ ಅಜ್ಜಿ ಟಿಶ್ಯೂ ಪೇಪರನ್ನು ಮೆಲ್ಲಗೆ ಎಳೆದು, ಬೆಳಕಿಗೆ ಹಿಡಿದು ನೋಡಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿಕೊಂಡರು. "ಎಷ್ಟ ನುಣ್ಣಗ ಐತಿ! ಮೊಮ್ಮಗಳಿಗೆ ತೋರಸ್ತೇನ್ರಿ" ಎಂದರು. ಆ ದಿನ ಅಳು ಬಂದದ್ದು ನನಗೆ.

ಕೋಣೆ ಇರುವುದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೇಲರ್ ಅಂಗಡಿಯ ಮೇಲೆ. ಇದೊಂದು ಮಾತ್ರ ನನ್ನ ಪುಣ್ಯ. ಮನಸ್ಸಿನ ಮಾತಿಗೆಂದು ನನ್ನಲ್ಲಿಗೆ ಬರುವುದು ಊರಿಗೆ ಗೊತ್ತಾದರೆ "ತಲಿ ಕೆಟ್ಟೈತಂತ" ಎಂದು ಸುದ್ದಿಯಾಗುತ್ತದಲ್ಲ, ಅದಕ್ಕೆ ಹೆಂಗಸರು ಕೈಯಲ್ಲಿ ಒಂದು ಕುಪ್ಪಸದ ಬಟ್ಟೆ ಹಿಡಿದೇ ಮೆಟ್ಟಿಲು ಹತ್ತುತ್ತಾರೆ. ನೋಡಿದವರು ಅಳತೆ ಕೊಡಲು ಬಂದಿದ್ದಾರೆ ಎಂದುಕೊಳ್ಳುತ್ತಾರೆ. ಕೆಲವರು ಅದೇ ಬಟ್ಟೆಯನ್ನು ತಿಂಗಳುಗಟ್ಟಲೆ ತರುತ್ತಾರೆ. ಟೇಲರನಿಗೆ ಇದೆಲ್ಲ ಗೊತ್ತು. "ಅಕ್ಕಾರ, ನಿಮ್ಮಿಂದ ಊರಾಗ ನಂದು ಭಾರಿ ಹೆಸರಾಗೇತಿ, ಆದ್ರ ಮಿಷನ್ ಮಾತ್ರ ಖಾಲಿ ಐತ್ರಿ" ಎನ್ನುತ್ತಾನೆ.

ಇಂಡಿ ನನ್ನ ಗಂಡನ ಊರು. ಅತ್ತೆಯ ಮನೆಯ ನಿಂಬೆ ಗಿಡಗಳು ಕೊಂಬೆ ಜಗ್ಗುವಷ್ಟು ಕಾಯಿ ಬಿಡುತ್ತವೆ. ಚೀಲ ಚೀಲ ಬಂದು ಬಿದ್ದ ನಿಂಬೆಹಣ್ಣನ್ನು ಏನು ಮಾಡಬೇಕೆಂದು ತಿಳಿಯದೆ ಕೋಣೆಗೆ ತಂದು ಶರಬತ್ತು ಮಾಡತೊಡಗಿದೆ. ಟಿಶ್ಯೂ ಡಬ್ಬಿಯ ಜಾಗಕ್ಕೆ ಶರಬತ್ತಿನ ತಂಬಿಗೆ ಬಂತು. ಬಿಸಿಲಿನಿಂದ ಬಂದವರು ಗಟಗಟ ಕುಡಿದು ಉಸ್ಸೆಂದು ಉಸಿರು ಬಿಡುತ್ತಾರಲ್ಲ, ಆ ಉಸಿರಿನ ಜೊತೆ ಎಷ್ಟೋ ಸಲ ಮೊದಲ ಮಾತೂ ಬರುತ್ತದೆ. ಕುರ್ಚಿಗಳು ಮಾತ್ರ ಇನ್ನೂ ಎದುರುಬದುರೇ ಇದ್ದವು.

ಅವು ಹೋದದ್ದು ಹೀಗೆ. ಒಂದು ದಿನ ಮುದ್ದೇಬಿಹಾಳಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಹೆಂಗಸು ಬಂದು ಕೂತಳು. ನಾನು ಯಾರು, ಯಾವ ಊರು ಒಂದನ್ನೂ ಕೇಳಲಿಲ್ಲ. ಊರು ದಾಟಿ ತೊಗರಿ ಹೊಲಗಳು ಶುರುವಾಗುತ್ತಿದ್ದಂತೆ, ಕಿಟಕಿಯ ಹೊರಗೆ ನೋಡುತ್ತಲೇ, ತನ್ನ ಮದುವೆ, ಮಲಮಗಳು, ಗಂಡನ ಮೌನ, ತಾನು ಎರಡು ಸಲ ಮನೆಬಿಟ್ಟು ಬಸ್ ನಿಲ್ದಾಣದವರೆಗೆ ಬಂದು ತಿರುಗಿ ಹೋದದ್ದು, ಎಲ್ಲವನ್ನೂ ಹೇಳಿಬಿಟ್ಟಳು. ನಾನು "ಹೌದೇನ್ರಿ" ಎಂದದ್ದು ಬಿಟ್ಟರೆ ಏನೂ ಮಾಡಲಿಲ್ಲ. ಅವಳ ಊರು ಬಂತು. ಸೆರಗು ಸರಿಮಾಡಿಕೊಂಡು, "ಹಗುರಾತವ್ವಾ, ಬರ್ತೇನಿ" ಎಂದು ಇಳಿದು ಹೋದಳು. ನಾನು ಪೆಚ್ಚಾಗಿ ಕೂತೆ. ನನ್ನ ಕೋಣೆಯಲ್ಲಿ ತಿಂಗಳು ಕಳೆದರೂ ಬಾರದ ಮಾತು, ಅಲುಗಾಡುವ ಬಸ್ಸಿನಲ್ಲಿ ಅಷ್ಟು ಹೊತ್ತಿಗೇ ಬಂದು ಮುಗಿದೂ ಹೋಗಿತ್ತು.

ಬಸ್ಸಿನ ಮಾತೇ ಹಾಗೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿಯೇ. ನನ್ನ ಅಪ್ಪ ಕಂಡಕ್ಟರ್. ಸಿಂದಗಿಯಿಂದ ಬಾಗೇವಾಡಿ ಮೇಲೆ ಹಾಯ್ದು ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಅವರದು. ಬೇಸಿಗೆ ಸೂಟಿಯಲ್ಲಿ ಅವ್ವನ ತಲೆ ತಿನ್ನುವುದು ಬೇಡವೆಂದು ಅಪ್ಪ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅವರ ಸೀಟಿನ ಪಕ್ಕ ಕೂತು ನಾನು ಕೇಳಿದ ಕತೆಗಳಿಗೆ ಲೆಕ್ಕವಿಲ್ಲ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ರಸ್ತೆಯ ಮೇಲೆ, ಮಾತು ಮಾತ್ರ ಪಕ್ಕದವರಿಗೆ. ಇಳಿಯುವ ಊರು ಗೊತ್ತಿದ್ದುದರಿಂದ ಹೇಳುವವರಿಗೆ ಧೈರ್ಯ, ಕೇಳುವವರಿಗೆ ತಾಳ್ಮೆ.

ಅಪ್ಪನ ಬಸ್ಸಿನಲ್ಲಿ ಕಾನೂನು ಒಂದೇ ಇತ್ತು, ಅದು ಟವೆಲ್ಲಿನ ಕಾನೂನು. ನಮ್ಮ ಕಡೆ ಬಸ್ಸು ನಿಲ್ದಾಣಕ್ಕೆ ತಿರುಗುವ ಮೊದಲೇ ಜನ ಓಡಿ ಹೋಗಿ, ಕಿಟಕಿಯಿಂದ ಹೆಗಲ ಮೇಲಿನ ಟವೆಲ್ ಎಸೆದು ಸೀಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಟವೆಲ್ ಬಿದ್ದ ಸೀಟು ಟವೆಲ್ ಎಸೆದವರದು. ಬಾಗಿಲಿನಿಂದ ಮೊದಲು ಹತ್ತಿದ ಗಟ್ಟಿ ಆಳು ಕೂಡ ಅದನ್ನು ಸರಿಸಿ ಕೂಡುವುದಿಲ್ಲ. ಕೂತನೋ, ಇಡೀ ಬಸ್ಸು ಅವನ ಮೇಲೆ ಎಗರುತ್ತದೆ. ಒಮ್ಮೆ ಸಿಂದಗಿಯಲ್ಲಿ ಹೊರಡುವ ಹೊತ್ತಾದರೂ ಒಂದು ಸೀಟಿನ ಮೇಲೆ ಬರೀ ಟವೆಲ್ ಕೂತಿತ್ತು, ಮನುಷ್ಯ ಇರಲಿಲ್ಲ. ಡ್ರೈವರ್ ಸಿಡಿಮಿಡಿಗೊಂಡು, "ರೈಟ್ ಅನ್ನಪಾ, ಹೊತ್ತಾತು" ಎಂದ. ಅಪ್ಪ, "ಟಾವೆಲ್ ಕುಂತೈತಿ. ಮನುಷ್ಯಾ ಬರ್ತಾನ, ತಡಿ" ಎಂದರು. "ನಾ ಮಂದಿ ಗಾಡಿ ಹೊಡೀತೇನಿ, ಟಾವೆಲ್ಲಿನ ಗಾಡಿ ಅಲ್ಲ" ಎಂದು ಡ್ರೈವರ್ ಹಾರನ್ ಒತ್ತಿದ. ಕೊನೆಗೆ ಒಬ್ಬ ಮನುಷ್ಯ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಏದುಸಿರು ಬಿಡುತ್ತ ಬಂದ. ತಪ್ಪಾಯಿತೆನ್ನುವ ಬದಲು ಅಪ್ಪನ ಕೈಗೊಂದು ಭಜಿ ಇಟ್ಟ. ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡೇ "ರೈಟ್" ಎಂದರು. ಆ ಮಾತು ಅರ್ಧ ಮಾತ್ರ ಕೇಳಿಸಿತು.

ಮುದ್ದೇಬಿಹಾಳದಿಂದ ಮರಳಿದ ವಾರವೇ ಅಪ್ಪನಿಗೆ ಫೋನು ಮಾಡಿ, ನನಗೊಂದು ಬಸ್ಸಿನ ಸೀಟು ಬೇಕೆಂದೆ. ನಿವೃತ್ತರಾಗಿ ಮನೆಯಲ್ಲಿ ಕೂತಿದ್ದ ಅಪ್ಪನಿಗೆ ಮತ್ತೆ ನೌಕರಿ ಸಿಕ್ಕಷ್ಟು ಹುರುಪು ಬಂತು. ಸಿಂದಗಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಟೆಂಪೋದಲ್ಲಿ ಹೇರಿಕೊಂಡು ತಂದರು. ಕಿಟಕಿಗೆ ಎದುರಾಗಿ ತಾವೇ ನಿಂತು ಹಾಕಿಸಿದರು. ಈಗ ಬಂದವರೂ ನಾನೂ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂಡುತ್ತೇವೆ. ಎದುರಿಗೆ ಸುಣ್ಣ ಬಳಿದ ಗೋಡೆ, ಗೋಡೆಯ ನಡುವೆ ಕಿಟಕಿ, ಕಿಟಕಿಯಲ್ಲಿ ಒಂದು ಬೇವಿನ ಮರ ಮತ್ತು ಬಸ್ ನಿಲ್ದಾಣದ ತಗಡಿನ ಮಾಡು. ಬುದ್ಧಿ ಹೇಳುವುದು ನನ್ನ ಕೆಲಸವಲ್ಲ, ಬೇಕಾದಷ್ಟು ಮಂದಿ ಹೇಳಿ ದಣಿದ ಮೇಲೆಯೇ ಜನ ನನ್ನಲ್ಲಿಗೆ ಬಂದಿರುತ್ತಾರೆ. ನಾನು ಜೊತೆಗೆ ಕೂಡುತ್ತೇನೆ, ಕೇಳುತ್ತೇನೆ, ನಡುವೆ ಒಂದೊಂದು ಪ್ರಶ್ನೆ ಹಾಕುತ್ತೇನೆ. ಸೋದರತ್ತೆಯ ಕಟ್ಟೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ವಿದ್ಯೆಯೇ ಎಂದು ನೀವು ಹೇಳಬಹುದು. ಯಾವಾಗ ಸುಮ್ಮನಿರಬೇಕೆಂಬುದನ್ನು ಮಾತ್ರ ನಾನು ಧಾರವಾಡದಲ್ಲೇ ಕಲಿತದ್ದು. ಅದು ಅತ್ತೆಗೆ ಇವತ್ತಿಗೂ ಬಂದಿಲ್ಲ.

ಗೋಡೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಮಾತು ಬಿಟ್ಟವರು ಕೂಡ ಮಾತಾಡುತ್ತಾರೆ, ಗೋಡೆಯ ಜೊತೆ. ಅಪ್ಪ ಅವ್ವನ ಜಗಳವಾದಾಗ ಅವ್ವ ಅಡುಗೆಮನೆಯಿಂದ, "ಏ ಗ್ವಾಡಿ, ಡ್ಯೂಟಿಗೆ ಹೋಗೋರಿಗೆ ಹೇಳು, ಬುತ್ತಿ ಕಟ್ಟಿಟ್ಟೇನಿ" ಎನ್ನುತ್ತಿದ್ದಳು. ಅಪ್ಪ ಮೀಸೆ ಬಾಚುತ್ತ, "ಏ ಗ್ವಾಡಿ, ಕಟ್ಟಿದವ್ರಿಗೆ ಹೇಳು, ಖಾರ ಜಾಸ್ತಿ ಹಾಕಿದ್ರ ನಾ ಒಲ್ಲೆ" ಎನ್ನುತ್ತಿದ್ದರು. ಬುತ್ತಿ ಹೋಗುತ್ತಿತ್ತು, ಖಾಲಿಯಾಗಿ ಬರುತ್ತಿತ್ತು, ಮಾನ ಇಬ್ಬರದೂ ಉಳಿಯುತ್ತಿತ್ತು. ಒಂದೆರಡು ದಿನ ಗೋಡೆಯನ್ನು ದುಡಿಸಿಕೊಂಡು ಆಮೇಲೆ ಯಾವಾಗಲೋ ನೇರ ಮಾತಿಗೆ ಬರುತ್ತಿದ್ದರು. ಎಲ್ಲರ ಮನೆಯಲ್ಲೂ ಹಾಗೇ ಆಗುತ್ತದೆ ಎಂದು ನಾನು ತಿಳಿದಿದ್ದೆ.

ಈಗ ಈರಪ್ಪನವರ ಮಾತಿಗೆ ಬರುತ್ತೇನೆ. ಹೆಸರು ಬದಲಿಸಿದ್ದೇನೆ, ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಮಸೂತಿ ಊರಿನ ಕಡೆಯವರು, ಮನೆ ಕಟ್ಟುವ ಗೌಂಡಿ ಕೆಲಸದವರು. ಮೊದಲು ಬಂದದ್ದು ಅವರ ಹೆಂಡತಿ ಕಸ್ತೂರಿ, ಕೈಯಲ್ಲಿ ಕೆಂಪು ಕುಪ್ಪಸದ ಬಟ್ಟೆ ಹಿಡಿದುಕೊಂಡು. ಕಳೆದ ಬೇಸಿಗೆಯಲ್ಲಿ ಈರಪ್ಪನವರ ಅಣ್ಣ ತೀರಿಕೊಂಡರಂತೆ. ಅವತ್ತಿನಿಂದ ಇವರು ಗಾರೆ ಮೆತ್ತುವ ಕರಣಿ ಮುಟ್ಟಿಲ್ಲ, ಕೆಲಸಕ್ಕೆ ಕರೆಯಲು ಬಂದವರಿಗೆ ಮುಖ ತೋರಿಸುವುದಿಲ್ಲ. ಅಣ್ಣ ತಮ್ಮ ಇಬ್ಬರೂ ಸೇರಿ ಸ್ವಂತಕ್ಕೆ ಕಟ್ಟುತ್ತಿದ್ದ ಹೊಸ ಖೋಲಿಯ ಗೋಡೆ ಅರ್ಧಕ್ಕೆ ನಿಂತಿದೆ.

"ಅಕ್ಕಾರ, ಮುಂಜಾನೆ ಎಚ್ಚರಾದ ಕೂಡ್ಲೆ, ಅವ್ರು ಹಾಸಿಗ್ಯಾಗ ಅದಾರೋ ಇಲ್ಲೋ ಅಂತ ಮೊದ್ಲ ನೋಡ್ತೇನ್ರಿ. ಅದಾರ ಅಂದ್ರ ಆಮ್ಯಾಲ ಒಲಿ ಹಚ್ತೇನಿ" ಎಂದರು ಕಸ್ತೂರಿ. ಕುಪ್ಪಸದ ಬಟ್ಟೆಯನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದ ಅವರ ಕೈ ಅಲ್ಲಿಗೆ ನಿಂತಿತು.

ಸೋಮವಾರ ಬಸವಣ್ಣನ ಗುಡಿಗೆ ಹೋಗೋಣವೆಂದು ನೆಪ ಮಾಡಿ ಗಂಡನನ್ನು ಕರೆತಂದರು. ಎತ್ತರದ ಮನುಷ್ಯ, ಹೆಗಲ ಮೇಲೆ ಕೆಂಪಂಚಿನ ಬಿಳಿ ಟವೆಲ್. ಬಸ್ಸಿನ ಸೀಟು ನೋಡಿ ಏನೂ ಕೇಳದ ಮೊದಲ ಮನುಷ್ಯ ಅವರೇ. ಸೀಟಿನ ಆ ತುದಿಗೆ ಹೋಗಿ ಕೂತರು. ಕಸ್ತೂರಿ ಕೆಳಗೆ ಟೇಲರ್ ಅಂಗಡಿಯಲ್ಲಿ ಕಾದರು. ನಾನು ಶರಬತ್ತು ಕೊಟ್ಟೆ, ಕುಡಿದರು. ಬೇವಿನ ಮರ ನೋಡಿದರು, ಗೋಡೆ ನೋಡಿದರು, ಎದ್ದು ಹೋದರು. ಮುಂದಿನ ಸೋಮವಾರವೂ ಅದೇ. ಸುಮ್ಮನೆ ಕೂಡುವುದು ನನ್ನ ವಿದ್ಯೆ ಎಂದು ಈಗಷ್ಟೇ ಜಂಬ ಕೊಚ್ಚಿದೆನಲ್ಲ, ಆ ವಿದ್ಯೆಯಲ್ಲಿ ಅವರು ನನ್ನ ಗುರುಗಳಂತೆ ಕಂಡರು. ವಿಜಯಪುರದ ಮನೋವೈದ್ಯರ ಹತ್ತಿರ ಕಳಿಸಿದೆ. ಹೋಗಿ ಬಂದರು, ಗುಳಿಗೆ ಶುರುವಾದವು, ನಿದ್ದೆ ಸ್ವಲ್ಪ ಬಂತು. ಮಾತು ಮಾತ್ರ ಬರಲಿಲ್ಲ.

ಆಮೇಲೊಂದು ಸೋಮವಾರ ಇದ್ದಕ್ಕಿದ್ದಂತೆ, "ಈ ಗ್ವಾಡಿ ಯಾರು ಕಟ್ಯಾರ್ರಿ?" ಎಂದರು. ಕಿಟಕಿಯ ಕೆಳಗೆ ಒಂದು ಬಿರುಕು ಇದೆ, ಅದನ್ನೇ ನೋಡುತ್ತಿದ್ದರು.

"ಗೊತ್ತಿಲ್ರಿ. ಯಾಕ್ರಿ?"

"ಕಟ್ಟಿದವಗ ಭಾಳ ಅವಸರ ಇತ್ತು. ಮನ್ಯಾಗ ಮದುವಿ ಗಿದುವಿ ಇದ್ದೀತು."

ನಾನು ನಕ್ಕೆ, ಅವರು ನಗಲಿಲ್ಲ. "ನೀವು ಕಟ್ಟಿದ್ರ ಹ್ಯಾಂಗ ಕಟ್ತಿದ್ರಿ?" ಎಂದು ಕೇಳಿದೆ.

"ನಾ ಒಬ್ಬನ ಎಂದೂ ಕಟ್ಟಿಲ್ರಿ. ನಾ ಈ ಕಡೆ, ನಮ್ಮಣ್ಣ ಆ ಕಡೆ. ನಡಕ ಗ್ವಾಡಿ ಏಳ್ತಿತ್ತು."

ಅಷ್ಟು ಹೇಳಿ ಸೀಟಿನ ತೂತಿಗೆ ಬೆರಳು ಹಾಕಿ ಸ್ಪಂಜು ಕೀಳತೊಡಗಿದರು. ನಾನು ಬೇವಿನ ಮರ ನೋಡುತ್ತ ಕೂತೆ. ಆಮೇಲೆ ಅವರಾಗಿಯೇ ಹೇಳಿದ್ದಿಷ್ಟು.

ಹೊಸ ಖೋಲಿಗೆ ಕಿಟಕಿ ಎಲ್ಲಿಡಬೇಕೆಂದು ಅಣ್ಣ ತಮ್ಮಂದಿರಿಗೆ ಜಟಾಪಟಿಯಾಯಿತು. ಅಣ್ಣ ಹಿತ್ತಲ ಕಡೆ ಎಂದರು, ತಂಪು ಗಾಳಿ ಬರುತ್ತದೆಂದು. ಇವರು ರಸ್ತೆ ಕಡೆ ಎಂದರು, ಹೋಗಿ ಬರುವವರು ಕಾಣುತ್ತಾರೆಂದು. ಮಾತಿಗೆ ಮಾತು ಬೆಳೆದು ಮಾತೇ ನಿಂತಿತು. ಮನೆಯ ಕೆಲಸ ಅಲ್ಲಿಗೇ ಬಿಟ್ಟರು, ಹೊರಗಿನ ಕೆಲಸ ಬಿಡುವ ಹಾಗಿರಲಿಲ್ಲ. ದಿನಾ ಜೊತೆಗೇ ಹೋದರು, ಒಂದೇ ಗೋಡೆಗೆ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತರು. ಇವರು, "ಏ ಗ್ವಾಡಿ, ಆ ಕಡೆ ಇದ್ದವ್ರಿಗೆ ಹೇಳು, ದಾರ ಸೊಟ್ಟ ಹಿಡಿದಾರ" ಎಂದರೆ, ಆ ಕಡೆಯಿಂದ, "ಏ ಗ್ವಾಡಿ, ಈ ಕಡೆ ಇದ್ದವ್ಗ ಹೇಳು, ದಾರ ನೆಟ್ಟಗ ಐತಿ, ನೋಡೂ ಕಣ್ಣ ಸೊಟ್ಟ ಅದಾವ" ಎಂದು ಉತ್ತರ ಬರುತ್ತಿತ್ತು. ಕೂಲಿಯವರು ಬಿದ್ದು ಬಿದ್ದು ನಗುತ್ತಿದ್ದರಂತೆ. "ನಮಗೂ ನಗು ಬರ್ತಿತ್ರಿ. ಇಬ್ಬರೂ ಗ್ವಾಡಿ ಮರ್ಯಾಗ ನಗ್ತಿದ್ವಿ" ಎಂದರು ಈರಪ್ಪ. ಇವತ್ತಲ್ಲ ನಾಳೆ ನೇರ ಮಾತಾಡುತ್ತೇವೆಂದು ಇಬ್ಬರಿಗೂ ಗೊತ್ತಿತ್ತು.

"ಅವತ್ತ ಮಧ್ಯಾಹ್ನ ಅಣ್ಣ ಅಂದ, ಏ ಗ್ವಾಡಿ, ಅವಗ ಹೇಳು, ಎದಿ ಒತ್ತಿದಂಗ ಆಗಾಕತ್ತೈತಿ, ನಾ ಮನಿಗೆ ಹೋಗ್ತೇನಿ ಅಂತ. ಉರಿ ಬಿಸಲಾಗ ನನ್ನೊಬ್ಬನ್ನ ಬಿಟ್ಟು ಹೊಂಟಾನ ಅಂತ ನನಗ ಸಿಟ್ಟ ಬಂತು. ಏ ಗ್ವಾಡಿ, ಹೋಗಂತ ಹೇಳು, ಅಂದೆ." ಈರಪ್ಪ ಕಿತ್ತ ಸ್ಪಂಜನ್ನು ಮತ್ತೆ ತೂತಿಗೆ ತುರುಕಿದರು. "ಮನಿ ಮುಟ್ಟಲಿಲ್ರಿ. ದಾರ್ಯಾಗ ಗಿಡದ ಬುಡಕ ಕುಂತಾವ ಹಂಗ ಹೋದ. ನಾ ಗ್ವಾಡಿ ಸುತ್ತ ಹಾಕಿ ಆ ಕಡೆ ಹೋಗಿ ಅವನ ಮಾರಿ ನೋಡಿದ್ರ ಆಗ್ತಿತ್ತು. ನೋಡ್ಲಿಲ್ಲ."

ನಿಮ್ಮದೇನೂ ತಪ್ಪಿಲ್ಲ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆ ಮಾತನ್ನು ಊರೆಲ್ಲ ಅವರಿಗೆ ಹೇಳಿರುತ್ತದೆ. ನನ್ನ ಕಣ್ಣು ತುಂಬಿತ್ತು. ಅಕ್ಕಪಕ್ಕ ಕೂತಿದ್ದರಿಂದ ಅವರಿಗೆ ಅದು ಕಾಣಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಕೇಳಿದರೆ ಇಲ್ಲದ ವಿಚಾರ ತಲೆಗೆ ಬಂದೀತೆಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಒಳಗೆ ಒಬ್ಬರೇ ಹೊತ್ತದ್ದನ್ನು ಇಳಿಸಲು ಜಾಗ ಸಿಗುತ್ತದೆ, ಅಷ್ಟೆ.

"ಈರಪ್ಪನವರ, ಸಾಯಬೇಕು ಅಂತ ಅನಸ್ತೈತೇನ್ರಿ?"

"ಅನಸ್ತೈತ್ರಿ."

"ದಿನಾ?"

"ದಿನಾರಿ. ಮುಂಜಾನೆ ಭಾಳ." ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಇದನ್ನ ಯಾರೂ ಕೇಳಿರಲಿಲ್ರಿ" ಎಂದರು.

ಅವರ ಒಪ್ಪಿಗೆ ಕೇಳಿ ಕಸ್ತೂರಿಯನ್ನು ಮೇಲೆ ಕರೆದೆ. ಬೆಳಗಿನ ಹೊತ್ತು ಒಬ್ಬರೇ ಇರದಂತೆ ಯಾರು ಜೊತೆಗಿರಬೇಕು, ಮನಸ್ಸು ಬಹಳ ಕೆಟ್ಟರೆ ಯಾರಿಗೆ ಫೋನು ಮಾಡಬೇಕು, ಎಲ್ಲ ಮೂವರೂ ಕೂತು ಮಾತಾಡಿದೆವು. ವಿಜಯಪುರದ ವೈದ್ಯರಿಗೂ ಅವರ ಎದುರಿಗೇ ತಿಳಿಸಿದೆ. ಮಾಡಬೇಕಾದದ್ದೆಲ್ಲ ಮಾಡಿದೆ. ಎದ್ದು ನಿಂತಾಗ, "ಮುಂದಿನ ಸೋಮವಾರ ಬರ್ತೀರಲ್ರೀ?" ಎಂದೆ.

"ನೋಡೂಣ್ರಿ" ಎಂದರು ಈರಪ್ಪ.

ನಮ್ಮ ಕಡೆ ನೋಡೋಣ ಎಂದರೆ ಏನರ್ಥವೆಂದು ನಿಮಗೆ ಗೊತ್ತು. ಮದುವೆಗೆ ಕರೆದಾಗ ಬರಲು ಮನಸ್ಸಿಲ್ಲದವರು ಹೇಳುವ ಮಾತದು. ಹೊಸ್ತಿಲ ತನಕ ಹೋದವರು ನಿಂತರು. ಹಿಂದಿರುಗಿ ಸೀಟನ್ನು ನೋಡಿದರು. ಬಂದು, ಹೆಗಲ ಮೇಲಿನ ಟವೆಲ್ ತೆಗೆದು, ತಾವು ಕೂತಿದ್ದ ಜಾಗದಲ್ಲಿ ಹಾಸಿದರು.

"ಇಲ್ಲಿ ಯಾರನ್ನೂ ಕುಂದ್ರಸಬ್ಯಾಡ್ರಿ" ಎಂದರು.

"ಇಲ್ರಿ. ಯಾರನ್ನೂ ಕುಂದ್ರಸಂಗಿಲ್ಲ."

ಆ ವಾರದ ಪಾಡು ಏನು ಹೇಳಲಿ. ಮಂಗಳವಾರ ಇಂಗಳೇಶ್ವರದಿಂದ ಒಬ್ಬ ಮಾಸ್ತರರು ಬಂದರು. ಸೀಟು ನೋಡಿದವರೇ, "ಯಾರೋ ಟಾವೆಲ್ ಹಾಕ್ಯಾರಲ್ರಿ" ಎಂದು ಇತ್ತ ಕಡೆಯ ಅರ್ಧದಲ್ಲಿ ಮುದುಡಿ ಕೂತರು. ನನಗೆ ಜಾಗವಿಲ್ಲ. ಟೇಲರನ ಸ್ಟೂಲು ತರಿಸಿ, ಮೊಣಕಾಲು ಎದೆಗೆ ತಾಗುವಂತೆ ಕುಕ್ಕರಿಸಿದೆ. ಆಮೇಲೆ ಬಂದವರೂ ಹಾಗೇ ಮಾಡಿದರು. ಯಾರದು, ಎಲ್ಲಿಗೆ ಹೋಗಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಸೊಸೆಯ ಕಾಟ ಹೇಳಲು ಬಂದ ಒಬ್ಬ ಅಜ್ಜಿ ತನ್ನ ಗಂಟನ್ನು ಕೂಡ ಟವೆಲ್ಲಿಗೆ ತಾಕದಂತೆ ತೊಡೆಯ ಮೇಲಿಟ್ಟುಕೊಂಡಳು. ಕಸ ಗುಡಿಸುವ ಹೆಂಗಸು ಸೀಟು ಒರೆಸಿದಳು, ಟವೆಲ್ ಅಲುಗಿಸಲಿಲ್ಲ. ನನ್ನ ಒದ್ದಾಟ ನೋಡಲಾರದೆ ಟೇಲರ್, "ತಗದು ಆ ಗೂಟಕ್ಕ ಹಾಕ್ರಿ, ಅವ್ರು ಬಂದಾಗ ಮತ್ತ ಹಾಸಿದ್ರಾತು" ಎಂದ. ಬೇಡವೆಂದೆ. ಧಾರವಾಡದಲ್ಲಿ ಕಲಿತವಳು ಒಂದು ಟವೆಲ್ಲಿಗೆ ಹೀಗೆ ಹೆದರಬಾರದು ಎಂದು ನನಗೂ ಅನಿಸಿತು. ಆದರೂ ಹೆದರಿದೆ. ಅದನ್ನು ಎತ್ತಿದರೆ ಆ ಮನುಷ್ಯನನ್ನೇ ಎಬ್ಬಿಸಿ ಕಳಿಸಿದಂತಾದೀತು ಎನ್ನುವ ಭಯ.

ರವಿವಾರ ಅಪ್ಪನಿಗೆ ಫೋನು ಮಾಡಿದೆ. ಯಾರು, ಏನು ಎಂದು ಹೇಳಲಿಲ್ಲ. "ಅಪ್ಪಾ, ಒಬ್ಬರು ಸೀಟಿನ ಮ್ಯಾಲ ಟಾವೆಲ್ ಹಾಕಿ ಹೋಗ್ಯಾರ" ಎಂದಷ್ಟೇ ಹೇಳಿದೆ. ಅಪ್ಪ ಸ್ವಲ್ಪವೂ ಯೋಚಿಸದೆ, "ಹಂಗಾದ್ರ ರೈಟ್ ಅನಬ್ಯಾಡ" ಎಂದರು.

ಸೋಮವಾರ ಬಂತು. ಅವರು ಬರುವ ಹೊತ್ತು ಆಯಿತು, ಮೀರಿತು. ಕಿಟಕಿಯಲ್ಲಿ ನಿಂತು ಬಸ್ ನಿಲ್ದಾಣದ ಕಡೆ ನೋಡಿದೆ. ಮಸೂತಿ ಕಡೆಯ ಬಸ್ಸು ಬಂದು, ಖಾಲಿಯಾಗಿ, ತುಂಬಿ ಹೊರಟುಹೋಯಿತು. ಕಸ್ತೂರಿಗೆ ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಶರಬತ್ತು ಮಾಡಲು ಹೋಗಿ ಉಪ್ಪು ಎರಡು ಸಲ ಹಾಕಿದೆ. ನನ್ನಲ್ಲಿಗೆ ಬಂದವರಿಗೆಲ್ಲ ನಿಧಾನಕ್ಕೆ ಉಸಿರಾಡಿ ಎಂದು ಹೇಳಿಕೊಡುವವಳು ನಾನು, ಅವತ್ತು ನನಗೆ ಅದು ನೆನಪಿಗೂ ಬರಲಿಲ್ಲ.

ಮೆಟ್ಟಿಲ ಮೇಲೆ ಸಪ್ಪಳವಾಯಿತು. ಮುಂದೆ ಈರಪ್ಪ, ಹಿಂದೆ ಕಸ್ತೂರಿ, ಕೈಯಲ್ಲಿ ಅದೇ ಕೆಂಪು ಕುಪ್ಪಸದ ಬಟ್ಟೆ.

"ತಡಾ ಆತ್ರಿ. ಮೊದಲಿನ ಬಸ್ಸಿಗೆ ಹತ್ತಾಕ ಆಗ್ಲಿಲ್ಲ. ಇದ್ರಾಗೂ ಗದ್ಲ, ನಿಂತ ಬಂದ್ವಿ" ಎಂದರು ಈರಪ್ಪ.

"ಫೋನ್ ಹಚ್ಚಿದ್ನಲ್ರಿ" ಎಂದೆ. ನನ್ನ ದನಿ ನನಗೇ ಜಗಳದ ದನಿಯಂತೆ ಕೇಳಿಸಿತು. "ಸೀಟು ಹಿಡೀಲಿಲ್ಲೇನ್ರಿ?"

"ಹಿಡಿಯಾಕ ಟಾವೆಲ್ ಎಲ್ಲೈತ್ರಿ? ಇಲ್ಲೇ ಐತಲ್ರಿ."

"ಮನ್ಯಾಗ ಇನ್ನೆರಡ ಅದಾವ್ರಿ ಅಕ್ಕಾರ" ಎಂದರು ಕಸ್ತೂರಿ. "ತಗೊಳ್ರಿ ಅಂದ್ರ ಕೇಳ್ಲಿಲ್ಲ. ಒಂದ ಕಡೆ ಹಾಕಿ ಬಂದೇನಿ, ಇನ್ನೊಂದ ಕಡೆ ಯಾಕ ಹಾಕ್ಲಿ ಅಂತಾರ. ಗದ್ಲದಾಗ ನನಗ ಫೋನ್ ಕೇಳಿಸಲಿಲ್ರಿ."

ಈರಪ್ಪ ಸೀಟಿನ ಹತ್ತಿರ ಹೋಗಿ ನಿಂತರು. "ಯಾರೂ ಕುಂತಿಲ್ಲ?" ಎಂದು ಕೇಳಿದರು. ಇಲ್ಲವೆಂದೆ. ಸ್ಟೂಲಿನ ಕತೆ ಹೇಳಲಿಲ್ಲ. ಟವೆಲ್ ಎತ್ತಿ, ಅದರಿಂದಲೇ ಸೀಟನ್ನು ಎರಡು ಸಲ ಜಾಡಿಸಿ, ಹೆಗಲಿಗೆ ಹಾಕಿಕೊಂಡು ಕೂತರು. ವಾರದ ಮೇಲೆ ನಾನೂ ನನ್ನ ಜಾಗದಲ್ಲಿ ಕೂತೆ. ಕಸ್ತೂರಿ ಕೆಳಗೆ ಹೋಗದೆ ಬಾಗಿಲಲ್ಲೇ ನಿಂತರು. ಬೇವಿನ ಎಲೆ ಅಲುಗುತ್ತಿತ್ತು. ಈರಪ್ಪ ಅದನ್ನು ನೋಡಲಿಲ್ಲ, ಕಿಟಕಿಯ ಕೆಳಗಿನ ಬಿರುಕನ್ನೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಬಾಯಿ ತೆರೆದರು. ಮಾತು ನನ್ನ ಜೊತೆ ಆಗಿರಲಿಲ್ಲ.

"ಏ ಗ್ವಾಡಿ, ನಮ್ಮಣ್ಣಗ ಹೇಳು. ಕಿಟಕಿ ಅಂವ ಹೇಳಿದ ಕಡೆನ ಇಡ್ತೇನಿ. ಕೆಲಸ ಬಾಕಿ ಐತಿ, ನಾ ಈಗ ಬರಂಗಿಲ್ಲ ಅಂತ ಹೇಳು."